ಕಾಡಿನ ಮಾಲಿಗೆ ಬಾಳೆಹಣ್ಣು ಬೇಡ

ಮಕ್ಕಳೇ, ಮನೆಗೆ ಚಕ್ರ ಇದ್ದರೆ ಹೇಗಿರುತ್ತದೆ? ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನನಗೆ ಅಂಥದೊಂದು ಮನೆ ಆರು ದಿನದ ಮಟ್ಟಿಗೆ ಸಿಕ್ಕಿತ್ತು.

ಬ್ಯಾಂಕಿನ ನೌಕರಿಯಲ್ಲಿದ್ದಾಗ ನಾವು ಗಂಡ ಹೆಂಡತಿ ಇಬ್ಬರೇ ಎಲ್ಲಿಗೂ ಹೋದವರಲ್ಲ. ಎಲ್‌ಟಿಸಿ ಸಿಕ್ಕಾಗ ಅಪ್ಪ, ಅಮ್ಮ, ಮಕ್ಕಳು, ಹೋಲ್ಡಾಲು, ನೀರಿನ ಕೂಜ ಎಲ್ಲವೂ ಜೊತೆಗೆ ಹೊರಡುತ್ತಿದ್ದವು. ಕಳೆದ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆವು. “ಅಪ್ಪ, ಈ ಸಲ ನೀವಿಬ್ಬರೇ ಎಲ್ಲಾದರೂ ಸುತ್ತಿ ಬನ್ನಿ” ಎಂದವನು, ಉತ್ತರದ ಕೇರ್ನ್ಸ್ ಊರಿಗೆ ವಿಮಾನದ ಟಿಕೆಟ್ಟನ್ನೂ ಅಲ್ಲಿಂದ ಸುತ್ತಲು ಒಂದು ವ್ಯಾನನ್ನೂ ಗೊತ್ತುಮಾಡಿಯೇಬಿಟ್ಟ. ಅಲ್ಲೂ ನಮ್ಮಂತೆ ರಸ್ತೆಯ ಎಡಗಡೆಯೇ ಓಡಿಸುವುದು. ಗೇರ್ ಬದಲಿಸುವ ಕೆಲಸವಿಲ್ಲ. ನೆಪ ಹೇಳಲು ನನಗೆ ಏನೂ ಉಳಿಯಲಿಲ್ಲ.

ಆರಡಿ ಅಗಲದ ಸಂಸಾರ

ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಮನೆ ಕ್ಯಾರವಾನ್. ಎಂಜಿನ್ನೂ ಮನೆಯೂ ಒಂದೇ ಆಗಿದ್ದರೆ ಅದು ಕ್ಯಾಂಪರ್‌ವ್ಯಾನ್. ನಮ್ಮದು ಎರಡನೆಯದು. ಒಳಗೆ ಗ್ಯಾಸ್ ಒಲೆ, ಪುಟ್ಟ ಫ್ರಿಜ್ಜು, ಪಾತ್ರೆ ತೊಳೆಯುವ ತೊಟ್ಟಿ. ಹಗಲು ಊಟದ ಮೇಜಾಗಿದ್ದದ್ದು ರಾತ್ರಿ ಮಡಚಿದರೆ ಹಾಸಿಗೆ. ಒಳ್ಳೆಯ ನೀರಿಗೊಂದು ಟ್ಯಾಂಕು, ಬಳಸಿದ ನೀರಿಗೆ ಇನ್ನೊಂದು. ಆ ಕೊಳೆನೀರನ್ನು ಎಲ್ಲೆಂದರಲ್ಲಿ ಚೆಲ್ಲುವಂತಿಲ್ಲ, ಅದಕ್ಕೆಂದೇ ಮಾಡಿದ ಜಾಗದಲ್ಲಿ ಖಾಲಿ ಮಾಡಬೇಕು. ಸಂಜೆ ಕ್ಯಾರವಾನ್ ಪಾರ್ಕಿಗೆ ಹೋಗಿ ಬಾಡಿಗೆ ಕಟ್ಟಿದರೆ ನಿಲ್ಲಿಸಲು ಜಾಗ, ಕರೆಂಟು, ಸ್ನಾನದ ಮನೆ ಎಲ್ಲ ಸಿಗುತ್ತದೆ.

ಮೊದಲ ಸಂಜೆ ಕೇರ್ನ್ಸ್‌ನ ದಕ್ಷಿಣಕ್ಕಿರುವ ಎಟ್ಟಿ ಬೇ ಎಂಬ ಸಣ್ಣ ಕಡಲತೀರದ ಪಾರ್ಕಿನಲ್ಲಿ ನಿಂತೆವು. ಕಾಡು ಸಮುದ್ರದವರೆಗೂ ಇಳಿದು ಬಂದಿರುವ ಜಾಗ. ನನ್ನಾಕೆ ಚಿತ್ರಾನ್ನಕ್ಕೆಂದು ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ದೇ ತಡ, ಚಾವಣಿಯಲ್ಲಿದ್ದ ಹೊಗೆಯ ಗಂಟೆ ಕಿವಿ ತೂತಾಗುವಂತೆ ಅರಚತೊಡಗಿತು. ನಿಲ್ಲಿಸುವುದು ಹೇಗೆಂದು ಇಬ್ಬರಿಗೂ ಗೊತ್ತಿಲ್ಲ. ಪಕ್ಕದ ಕ್ಯಾರವಾನ್‌ನಿಂದ ನಮ್ಮದೇ ವಯಸ್ಸಿನ ಗಂಡ ಹೆಂಡತಿ ಓಡಿ ಬಂದರು. ಆತ ಕಿಟಕಿಗಳನ್ನೆಲ್ಲ ತೆರೆದು ಗಂಟೆಯ ಬಾಯಿ ಮುಚ್ಚಿಸಿದ. ಆಕೆ ಕೆಮ್ಮುತ್ತಲೇ ನಕ್ಕಳು. ನಿವೃತ್ತರಾದ ಮೇಲೆ ಅವರು ವರ್ಷದಲ್ಲಿ ಅರ್ಧ ಭಾಗ ಹೀಗೆಯೇ ಊರೂರು ತಿರುಗುತ್ತಾರಂತೆ. ನಾಲ್ವರೂ ಚಿತ್ರಾನ್ನ ತಿಂದೆವು.

ನೀಲಿ ಕತ್ತಿನ ಅತಿಥಿ

ಮಾರನೆಯ ಬೆಳಿಗ್ಗೆ ವ್ಯಾನಿನ ಬಾಗಿಲಲ್ಲಿ ಯಾರೋ ನಿಂತಂತಾಯಿತು. ನೋಡಿದರೆ ಆಳೆತ್ತರದ ಹಕ್ಕಿ! ಕೂದಲಿನಂಥ ಕಪ್ಪು ಗರಿ, ಕಡುನೀಲಿ ಕತ್ತು, ಕತ್ತಿನ ಕೆಳಗೆ ಜೋತುಬಿದ್ದ ಎರಡು ಕೆಂಪು ತೊಗಲು, ತಲೆಯ ಮೇಲೆ ಹೆಲ್ಮೆಟ್ಟಿನಂಥ ಕೊಂಬು. ಇದೇ ಕ್ಯಾಸೊವರಿ. ಹಾರಲಾರದು, ಆದರೆ ಕುದುರೆಯಂತೆ ಓಡಬಲ್ಲದು. ಕಾಲಿನ ಒಳಬೆರಳಿನ ಉಗುರು 12 ಸೆಂಟಿಮೀಟರ್ ಉದ್ದದ ಚೂರಿ. ಹೆಣ್ಣು ಗಂಡಿಗಿಂತ ದೊಡ್ಡದು. ಮೊಟ್ಟೆ ಇಟ್ಟು ಅದು ತನ್ನ ಪಾಡಿಗೆ ಹೊರಟುಹೋಗುತ್ತದೆ. ಸುಮಾರು ಐವತ್ತು ದಿನ ಕಾವು ಕೊಡುವುದು, ಮರಿಗಳನ್ನು ತಿಂಗಳುಗಟ್ಟಲೆ ಸಾಕುವುದು ಎಲ್ಲವೂ ಅಪ್ಪನ ಪಾಲಿಗೆ.

ನನ್ನಾಕೆಯ ತವರು ತೀರ್ಥಹಳ್ಳಿ ಕಡೆ. ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿ ಗೊತ್ತಿಲ್ಲದ ಮನೆ. ಹಿಂದಿನ ದಿನ ರಸ್ತೆ ಬದಿಯ ಗೂಡಿನಲ್ಲಿ, ಮಾರುವವರೇ ಇಲ್ಲದೆ ಇಟ್ಟಿದ್ದ ಹಣದ ಡಬ್ಬಿಗೆ ನಾಣ್ಯ ಹಾಕಿ ಬಾಳೆಯ ಚಿಪ್ಪು ತಂದಿದ್ದೆವು. ಆಸ್ಟ್ರೇಲಿಯಾದ ಬಾಳೆಹಣ್ಣಿನ ಬಹುಪಾಲು ಬೆಳೆಯುವುದು ಈ ಸೀಮೆಯಲ್ಲೇ. ಅವಳು ಒಂದು ಹಣ್ಣು ಮುರಿದು ಕೈ ಚಾಚಿದಳು.

“ಬೇಡ! ಬೇಡ!” ಪಕ್ಕದಾಕೆ ಕೂಗಿದಳು. ನಮಗೆ ಗಾಬರಿ. ಹಕ್ಕಿ ಒದ್ದೀತೆಂದು ಕೂಗಿದಳೆಂದುಕೊಂಡೆ. ಅದೂ ಒಂದು ಕಾರಣ. ಆದರೆ ಹಕ್ಕಿ ಕಾಡಿಗೆ ಮರಳಿದ ಮೇಲೆ ಆಕೆ ಹೇಳಿದ್ದು ಬೇರೆ: “ಉಣಿಸಿದ ಕ್ಯಾಸೊವರಿ ಸತ್ತ ಕ್ಯಾಸೊವರಿ ಎನ್ನುತ್ತಾರೆ ಇಲ್ಲಿ.”

ಒಮ್ಮೆ ಮನುಷ್ಯರ ಕೈಯಿಂದ ತಿಂದರೆ ಅದಕ್ಕೆ ಭಯ ಹೋಗುತ್ತದೆ. ಕಾರು ಕಂಡರೆ ಹಣ್ಣು ಬಂತೆಂದು ರಸ್ತೆಗೆ ಇಳಿಯುತ್ತದೆ. ಮುಂದಿನ ಕಾರು ನಿಲ್ಲುವುದಿಲ್ಲ. ರಸ್ತೆ ಅಪಘಾತಕ್ಕೆ, ನಾಯಿಗಳ ಬಾಯಿಗೆ ಸಿಕ್ಕಿ ಸಾಯುವುದೇ ಹೆಚ್ಚು. ಈ ಮಳೆಕಾಡಿನಲ್ಲಿ ಉಳಿದಿರುವುದು ನಾಲ್ಕು ಸಾವಿರದ ಆಸುಪಾಸು. ಅದಕ್ಕೇ ಉಣಿಸುವುದು ಕಾನೂನಿನಲ್ಲೂ ಅಪರಾಧ, ದಂಡ ತೆರಬೇಕು. 2006 ಮತ್ತು 2011ರ ಚಂಡಮಾರುತಗಳಲ್ಲಿ ಕಾಡಿನ ಹಣ್ಣೆಲ್ಲ ನೆಲಕಚ್ಚಿ ಹಕ್ಕಿಗಳು ಹಸಿದು ರಸ್ತೆಗೆ ಬಂದವು. ಆಗಲೂ ಅಧಿಕಾರಿಗಳು ಜನರ ಕಣ್ಣಿಗೆ ಬೀಳದಂತೆ ಕಾಡಿನೊಳಗೇ ಹಣ್ಣು ಇಡಿಸಿದರು. ಕೊಡುವ ಕೈ ಹಕ್ಕಿಗೆ ಕಾಣಬಾರದು.

ನನ್ನಾಕೆ ಆ ಹಣ್ಣನ್ನು ಚಿಪ್ಪಿನ ಪಕ್ಕ ಇಟ್ಟಳು. ಅರ್ಧ ದಿನ ಮಾತೇ ಇಲ್ಲ.

ಬೂಟಿನಷ್ಟು ಮಳೆ

ಮಧ್ಯಾಹ್ನ ಟಲ್ಲಿ ಎಂಬ ಊರಿನಲ್ಲಿ ಅವಳ ಮೌನ ಮುರಿಯಿತು. ಅಲ್ಲಿ 7.9 ಮೀಟರ್ ಎತ್ತರದ ಚಿನ್ನದ ಬಣ್ಣದ ಮಳೆಬೂಟು ನಿಲ್ಲಿಸಿದ್ದಾರೆ, ಮೇಲೊಂದು ಹಸಿರು ಕಪ್ಪೆ. 1950ರಲ್ಲಿ ಆ ಊರಿನಲ್ಲಿ ಅಷ್ಟು ಮಳೆ, ಅಂದರೆ 7,900 ಮಿಲಿಮೀಟರ್ ಸುರಿದ ನೆನಪಿಗೆ. ಒಳಗಿನ ಮೆಟ್ಟಿಲು ಹತ್ತಿ ತುದಿಗೆ ಹೋಗಬಹುದು. “ಇಷ್ಟಕ್ಕೇ ಬೂಟು ನಿಲ್ಲಿಸಿದ್ದಾರೇನ್ರೀ? ಹಾಗಾದರೆ ನಮ್ಮ ಆಗುಂಬೆಗೂ ಒಂದು ಮಾಡಿಸಬಹುದು!” ಎಂದಳು. ತಮಾಷೆಯಲ್ಲ, ಆಗುಂಬೆಯ ವರ್ಷದ ಸರಾಸರಿಯೇ ಏಳು ಸಾವಿರ ಮಿಲಿಮೀಟರ್ ದಾಟುತ್ತದೆ.

ಕಾಡಿನ ಮಾಲಿ

ಟೌನ್ಸ್‌ವಿಲ್ಲಿನಿಂದ ಕುಕ್‌ಟೌನ್‌ವರೆಗೆ ಸುಮಾರು 450 ಕಿಲೋಮೀಟರ್ ಹಬ್ಬಿರುವ ಈ ಮಳೆಕಾಡು 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಪಶ್ಚಿಮ ಘಟ್ಟ ಸೇರಿದ್ದು 2012ರಲ್ಲಿ. ನಾಲ್ಕನೆಯ ದಿನ ನಾವು ಉತ್ತರಕ್ಕೆ ತಿರುಗಿ, ಉಕ್ಕಿನ ಹಗ್ಗ ಹಿಡಿದು ಸಾಗುವ ತೆಪ್ಪದಂಥ ಹಡಗಿನಲ್ಲಿ ವ್ಯಾನ್ ಸಮೇತ ಡೈನ್‌ಟ್ರೀ ಹೊಳೆ ದಾಟಿದೆವು. ಹೊಳೆಯಲ್ಲಿ ಮೊಸಳೆಗಳಿವೆ, ಇಳಿಯುವಂತಿಲ್ಲ. ಆಚೆಯ ಡೈನ್‌ಟ್ರೀ ರಾಷ್ಟ್ರೀಯ ಉದ್ಯಾನದ ಒಡೆತನವನ್ನು 2021ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಪೂರ್ವ ಕುಕು ಯಲಾಂಜಿ ಜನಕ್ಕೆ ಹಿಂದಿರುಗಿಸಲಾಗಿದೆ.

ಈ ಕಾಡಿನ ಅಸಲು ಮಾಲಿ ಕ್ಯಾಸೊವರಿಯೇ. ಇನ್ನೂರಕ್ಕೂ ಹೆಚ್ಚು ಜಾತಿಯ ಗಿಡಮರಗಳ ಹಣ್ಣನ್ನು ಅದು ತಿನ್ನುತ್ತದೆ, ಅದೂ ಇಡಿಯಾಗಿ ನುಂಗುತ್ತದೆ. ಬೀಜ ಹಾಳಾಗದೆ, ಗೊಬ್ಬರ ಸಮೇತ ಎಷ್ಟೋ ದೂರದಲ್ಲಿ ನೆಲ ಸೇರುತ್ತದೆ. ದೊಡ್ಡ ದೊಡ್ಡ ಬೀಜಗಳನ್ನು ಹಾಗೆ ಹೊತ್ತೊಯ್ಯಬಲ್ಲ ಪ್ರಾಣಿ ಅಲ್ಲಿ ಬೇರೆ ಇಲ್ಲವೆಂದರೂ ಸರಿ. ನಮ್ಮ ಮಲೆನಾಡಿನಲ್ಲಿ ಮಂಗಟ್ಟೆ ಹಕ್ಕಿ ಮಾಡುವುದೂ ಇದೇ ಕೆಲಸ.

ಮಾಲಿ ಇಲ್ಲದ ಮರದ ಪಾಡೂ ಅಲ್ಲಿದೆ. ಈಡಿಯಟ್ ಫ್ರೂಟ್ ಎಂಬ ಹೆಸರಿನ ಬಹು ಪುರಾತನ ಮರವೊಂದುಂಟು. 1971ರಲ್ಲಿ ದನಗಳು ಸತ್ತಾಗ ಅವುಗಳ ಹೊಟ್ಟೆಯಲ್ಲಿ ಸಿಕ್ಕ ಬೀಜಗಳಿಂದ ಅದು ಮತ್ತೆ ಬೆಳಕಿಗೆ ಬಂತು. ಮುಷ್ಟಿಗಾತ್ರದ ಆ ಬೀಜ ವಿಷ. ಹೊತ್ತೊಯ್ಯುವವರಿಲ್ಲದೆ ಹೆಚ್ಚಾಗಿ ಬಿದ್ದಲ್ಲೇ ಮೊಳೆಯುತ್ತದೆ, ಇಲ್ಲವೇ ಇಳಿಜಾರಿನಲ್ಲಿ ಉರುಳುತ್ತದೆ. ಹಾಗಾಗಿ ಕೆಲವೇ ಕಣಿವೆಗಳಲ್ಲಿ ಉಳಿದುಕೊಂಡಿದೆ. ಜಮಾ ಖರ್ಚು ಬರೆದೇ ಜೀವನ ಕಳೆದ ನನಗೆ ಅರ್ಥವಾಯಿತು. ಕಾಡಿನ ಹಣ್ಣು ತಿಂದು ಹಕ್ಕಿ ಕಾಡಿಗೇ ಬೀಜ ಕಟ್ಟುತ್ತದೆ. ನಮ್ಮ ಬಾಳೆಹಣ್ಣು ಆ ಲೆಕ್ಕದೊಳಗೆ ಬರುವುದೇ ಇಲ್ಲ.

ಕೇಪ್ ಟ್ರಿಬ್ಯುಲೇಷನ್ ದಾರಿಯ ಒಂದು ತಿರುವಿನಲ್ಲಿ ಗಕ್ಕನೆ ಬ್ರೇಕ್ ಹಾಕಿದೆ. ಅಪ್ಪ ಕ್ಯಾಸೊವರಿ ರಸ್ತೆ ದಾಟುತ್ತಿತ್ತು. ಹಿಂದೆ ಪಟ್ಟೆಪಟ್ಟೆಯ ಎರಡು ಮರಿ. ಅದು ನಮ್ಮತ್ತ ತಿರುಗಿಯೂ ನೋಡಲಿಲ್ಲ. ಮೂರೂ ಕಾಡಿನಲ್ಲಿ ಮರೆಯಾಗುವ ತನಕ ಎಂಜಿನ್ ಆರಿಸಿ ಕುಳಿತಿದ್ದೆವು. “ಇದಕ್ಕೆ ಯಾರೂ ಹಣ್ಣು ಕೊಟ್ಟಿಲ್ಲ ಅನ್ಸುತ್ತೆ ರೀ” ಎಂದಳು.

ಹಿಂದಿರುಗಿದ ಮೇಲೆ ಡಿಸೆಂಬರ್‌ನಲ್ಲಿ ಮಗಳ ಮಗನನ್ನು ಕರೆದುಕೊಂಡು ಅವಳ ತವರಿಗೆ ಹೋಗಿ, ಅಲ್ಲಿಂದ ಆಗುಂಬೆ ಘಾಟಿ ಇಳಿಯುತ್ತಿದ್ದೆವು. ತಿರುವಿನಲ್ಲಿ ಮಂಗಗಳ ಸಾಲು. ನನ್ನ ಮಕ್ಕಳು ಚಿಕ್ಕವರಿದ್ದಾಗ ಇದೇ ತಿರುವುಗಳಲ್ಲಿ ಕಿಟಕಿಯಿಂದ ಬಾಳೆಹಣ್ಣು ಎಸೆಯಲು ಕಲಿಸಿದವನು ನಾನೇ. ಈ ಸಲ ನನ್ನಾಕೆ ಕಿಟಕಿಯ ಗಾಜು ಏರಿಸಿದಳು.

“ಅಜ್ಜಿ, ಪಾಪ ಅಲ್ವಾ ಅವು?” ಎಂದ ಮೊಮ್ಮಗ.

“ಪಾಪ ಅಂತಲೇ ಕೊಡ್ತಿಲ್ಲ ಮರಿ” ಎಂದವಳು ಹಣ್ಣು ಸುಲಿದು ಅವನಿಗೆ ಅರ್ಧ, ನನಗೆ ಅರ್ಧ ಕೊಟ್ಟಳು.