ಕತ್ತಲು ಕೇಳದ ಪರದೆ

ಸಂಜೆ ನಾಲ್ಕೂವರೆ. ಕುಮಟಾದ ಹೊರಬದಿಯಲ್ಲಿ, ಕೊಯ್ಲು ಮುಗಿದ ಗದ್ದೆಗೆ ಟೆಂಪೋ ಒಂದು ಬದು ದಾಟಿ ಇಳಿದಿದೆ. ರಾತ್ರಿ ಯಕ್ಷಗಾನದ ಆಟವಿದೆ. ರಂಗಸ್ಥಳಕ್ಕೆ ಮಾವಿನೆಲೆ ಕಟ್ಟುವವರು ಇನ್ನೂ ಬಂದಿಲ್ಲ, ಸ್ಕ್ರೀನಿನ ಹುಡುಗರು ಆಗಲೇ ಟ್ರಸ್ ಚೌಕಟ್ಟು ನಿಲ್ಲಿಸುತ್ತಿದ್ದಾರೆ. ಗದ್ದೆಯಂಚಿನಲ್ಲಿ ಎಲೆ ಹಾಕುತ್ತ ಕೂತ ಅಜ್ಜನಿಗೆ ಕುತೂಹಲ.

‘ಸಿನೆಮಾನಾ ತಮಾ?’

‘ಅಲ್ಲ ಅಜ್ಜ, ಆಟವೇ. ಹಿಂದೆ ಕೂತವರಿಗೂ ಕಾಣೂಕೆ.’

ಪೆಟ್ಟಿಗೆಯಿಂದ ಹೊರಬರುವುದು ಅರ್ಧ ಮೀಟರ್ ಉದ್ದಗಲದ ಕಪ್ಪು ಎಲ್‌ಇಡಿ ಪ್ಯಾನೆಲ್. ‘ಪಿ 3.91’ ಅನ್ನುತ್ತಾರೆ: ಚುಕ್ಕೆಯಿಂದ ಚುಕ್ಕೆಗೆ ಅಷ್ಟು ಮಿಲಿಮೀಟರ್. ಒಂದರಲ್ಲಿ 128ಕ್ಕೆ 128, ಒಟ್ಟು 16,384 ಚುಕ್ಕೆ. ಅಂಥ ಇಪ್ಪತ್ನಾಲ್ಕು ಕೊಂಡಿ ಹಾಕಿಕೊಂಡು ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಗೋಡೆಯಾಗುತ್ತವೆ. ಹತ್ತಿರ ನಿಂತರೆ ಬರೀ ಚುಕ್ಕಿ, ಗೆರೆ ಎಳೆಯದ ರಂಗೋಲಿ. ನಾಲ್ಕು ಮಾರು ಹಿಂದೆ ಬಂದರೆ ಮುಖ. ಸಮುದ್ರದ ಕಡೆಯ ಬಿಸಿಲು ನೇರ ಅದರ ಮೋರೆಗೇ ಬೀಳುತ್ತಿತ್ತು. ಹುಡುಗ ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದ. ಆ ಬಿಸಿಲಲ್ಲೇ ಗಣಪತಿ ಕೆಂಪಗೆ ಮೂಡಿದ.

ಪ್ರೊಜೆಕ್ಟರಿಗೆ ಈ ಸೊಕ್ಕು ಇರಲಿಲ್ಲ. ಅದು ಕತ್ತಲನ್ನು ಕೇಳಿ ಪಡೆಯಬೇಕಿತ್ತು. ಟೂರಿಂಗ್ ಟಾಕೀಸಿನವರು ಹೊತ್ತು ಮುಳುಗುವುದನ್ನೇ ಕಾಯುತ್ತಿದ್ದರು. ಎರಡು ಸಾವಿರ ಅಡಿಯ ರೀಲು ಇಪ್ಪತ್ತೆರಡು ನಿಮಿಷಕ್ಕೆ ಮುಗಿಯುತ್ತಿತ್ತು, ಒಂದೇ ಯಂತ್ರವಿದ್ದಲ್ಲಿ ರೀಲು ಬದಲಿಸುವಾಗಲೆಲ್ಲ ಶೇಂಗಾ ಮಾರುವವನ ಪಾಳಿ. ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ ತೆರೆಗೆ ಬಂದ 1934ರಲ್ಲೇ ಹೊನ್ನಾವರದ ಗುಣವಂತೆಯ ಬಳಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದರು. ಎರಡಕ್ಕೂ ಬೇಕಾದ ಬಂಡವಾಳ ಒಂದೇ, ರಾತ್ರಿ. ರೀಲಿನ ಡಬ್ಬಿ ಈಗಿಲ್ಲ. ಸಿನಿಮಾ ಹಾರ್ಡ್ ಡಿಸ್ಕಿನಲ್ಲೋ ಉಪಗ್ರಹದ ಮೂಲಕವೋ ಬರುತ್ತದೆ. ಅದರ ಡಿಜಿಟಲ್ ಬೀಗದ ಕೈ ಮಾತ್ರ ಬೇರೆಯಾಗಿ ಬರುತ್ತದೆ, ಅವಧಿ ಮುಗಿದರೆ ತೆರೆಯುವುದಿಲ್ಲ.

ಹಾಗಾದರೆ ರೀಲಿನ ನಂತರ ಬಂದು ಹಳತಾದ ಪ್ರೊಜೆಕ್ಟರುಗಳು ಎಲ್ಲಿ ಹೋದವು? ಅದೇ ವಾರ ಹೊನ್ನಾವರದ ರಿಪೇರಿ ಅಂಗಡಿಯೊಂದರ ಮೇಜಿನ ಮೇಲೆ ಮೂರು ಕಂಡೆ, ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದವು. ಒಂದರ ಲೆನ್ಸಿನೊಳಗೆ ಬಿಳಿ ಬೂಸಲು, ಬಲೆಯ ಹಾಗೆ. ನಾಲ್ಕು ತಿಂಗಳ ಮಳೆ, ಬೀಗ ಹಾಕಿದ ಕೋಣೆ, ಬೂಸಲಿಗೆ ಇನ್ನೇನು ಬೇಕು? ಇನ್ನೊಂದರ ಪೋಲರೈಸರ್ ಹಾಳೆ ಸುಟ್ಟು ಚಿತ್ರದ ನಡುವೆ ಅರಿಸಿನದ ಕಲೆ. ಮೂರನೆಯದು ಡಿಎಲ್‌ಪಿ. 1987ರಲ್ಲಿ ಅಮೆರಿಕದ ಲ್ಯಾರಿ ಹಾರ್ನ್‌ಬೆಕ್ ರೂಪಿಸಿದ ಚಿಪ್ಪಿನ ಸಂತತಿ. ಉಗುರಿನಷ್ಟು ಜಾಗದಲ್ಲಿ 7,86,432 ಕನ್ನಡಿಗಳು, ಪ್ರತಿಯೊಂದೂ ಸೆಕೆಂಡಿಗೆ ಸಾವಿರಾರು ಸಲ ತಲೆ ವಾಲಿಸಬೇಕು. ವಾಲಿದ್ದು ಹಾಗೇ ಅಂಟಿಕೊಂಡರೆ ಗೋಡೆಯ ಮೇಲೆ ಅಳಿಸಲಾಗದ ಬಿಳಿ ಚುಕ್ಕೆ. ಅಂಗಡಿಯವರು ಗುಂಡಿ ಒತ್ತಿ ತೋರಿಸಿದರು: ಸುಣ್ಣದ ಗೋಡೆಯ ತುಂಬ ಅಮಾವಾಸ್ಯೆಯ ಆಕಾಶ. ‘ಚಿಪ್ ಬದಲಿಸೂದಕ್ಕಿಂತ ಹೊಸದೇ ಅಗ್ಗ’ ಅಂದರು.

ಹೊಸದು ಅಂದರೆ ಲೇಸರ್. ಹಳೆಯ ಪಾದರಸದ ಬಲ್ಬು ಐದು ಸಾವಿರ ಗಂಟೆ ಉರಿದರೆ ಹೆಚ್ಚು, ಇದು ಇಪ್ಪತ್ತು ಸಾವಿರ ಗಂಟೆಯ ಮಾತಾಡುತ್ತದೆ. 2025ರ ಸೆಪ್ಟೆಂಬರಿನಲ್ಲಿ ಪ್ರೊಜೆಕ್ಟರುಗಳ ಜಿಎಸ್‌ಟಿಯೂ ಶೇ 28ರಿಂದ 18ಕ್ಕೆ ಇಳಿಯಿತು. ಆದರೂ ಮದುವೆ, ಜಾತ್ರೆ, ಕ್ರಿಕೆಟ್ಟಿನ ಬಾಡಿಗೆ ಪೂರ್ತಿ ಎಲ್‌ಇಡಿಯವರ ಪಾಲು.

ಅವರ ಸುಖವೂ ಅಷ್ಟಕ್ಕಷ್ಟೇ. ದೀಪಾವಳಿಯಿಂದ ಮೇ ಕೊನೆಯವರೆಗೆ ದುಡಿಮೆ, ಆಮೇಲೆ ಮಳೆ. ಸಾಲದ ಕಂತಿಗೆ ಮಳೆಗಾಲದ ರಜೆಯಿಲ್ಲ. ಪಿ 4 ಕೊಂಡ ವರ್ಷವೇ ಗಿರಾಕಿ ಪಿ 3 ಕೇಳುತ್ತಾನೆ. ಭಟ್ಕಳದ ಮದುವೆಮನೆಗಳಲ್ಲಂತೂ ಸ್ಕ್ರೀನಿನ ಜೊತೆ ಲೈವ್ ಕೂಡ ಬೇಕು. ನಿಖಾ ಇಲ್ಲಿ, ಹುಡುಗನ ಚಿಕ್ಕಪ್ಪ ದುಬೈಯಲ್ಲಿ. ಒಂದೇ ಕ್ಯಾಮೆರಾದ ಚಿತ್ರ ಹಾಲಿನ ಪರದೆಗೂ ಕಡಲಾಚೆಯ ಮೊಬೈಲಿಗೂ ಹೋಗಬೇಕು. ಅಲ್ಲಿಂದ ಸೂಟ್‌ಕೇಸಿನಲ್ಲಿ ಬರುವ ಅಂಗೈಯಗಲದ ಪ್ರೊಜೆಕ್ಟರುಗಳೂ ಇವೆ. ಡಬ್ಬಿಯ ಮೇಲೆ ಬರೆದ ಲೂಮೆನ್‌ಗಳನ್ನು ನಂಬಿ ಹಗಲಲ್ಲಿ ಹಚ್ಚಿದರೆ ಗೋಡೆಯೇ ಕಾಣುತ್ತದೆ.

ರಾತ್ರಿ ಹನ್ನೆರಡು, ಕುಮಟಾದ ಗದ್ದೆ. ಸೈರಂಧ್ರಿಯನ್ನು ಕಂಡ ಕೀಚಕ ಕಣ್ಣು ಕುಣಿಸುತ್ತಿದ್ದಾನೆ. ಕೊನೆಯ ಸಾಲಿನ ಚಾಪೆಯ ಮೇಲಿನ ಹೆಂಗಸರಿಗೆ ಆ ಕಣ್ಣಿನ ಕೆಂಪು ಕೂಡ ಸ್ಕ್ರೀನಿನಲ್ಲಿ ಸ್ಪಷ್ಟ. ಇಷ್ಟು ಕಾಲ ಅದು ಮುಂದಿನ ಕುರ್ಚಿಯವರ ಸೊತ್ತಾಗಿತ್ತು, ಇದನ್ನು ಒಪ್ಪಲೇಬೇಕು. ಆದರೆ ಕ್ಯಾಮೆರಾದಿಂದ ಪರದೆಗೆ ಬರುವಷ್ಟರಲ್ಲಿ ಚಿತ್ರ ಕೂದಲೆಳೆಯಷ್ಟು ತಡವಾಗುತ್ತದೆ. ಗೆಜ್ಜೆಯ ಸದ್ದು ಮೊದಲು, ಹೆಜ್ಜೆ ಆಮೇಲೆ. ತಾಳ ಬಲ್ಲವನಿಗೆ ಅಕ್ಕಿಯಲ್ಲಿ ಕಲ್ಲು ಸಿಕ್ಕಿದ ಹಾಗೆ. ನಾನು ಮೊಂಡು ಹಿಡಿದು ರಂಗಸ್ಥಳವನ್ನೇ ನೋಡಲು ಕೂತೆ. ಹತ್ತು ನಿಮಿಷಕ್ಕೊಮ್ಮೆ ಕತ್ತು ತಾನಾಗಿಯೇ ಬೆಳಕಿನ ಕಡೆ ಹೊರಳುತ್ತಿತ್ತು. ಮಳೆಹುಳಗಳದೂ ಅದೇ ಕಥೆ, ಕೀಚಕನ ಕೆನ್ನೆಯ ಮೇಲೆಲ್ಲ ಹರಿದಾಡುತ್ತಿದ್ದವು.

ಮಂಗಳ ಹಾಡುವಾಗ ಮೂಡಣ ಬಿಳುಪೇರಿತ್ತು. ಹುಡುಗರು ಪ್ಯಾನೆಲ್ ಬಿಚ್ಚಿ, ಇಬ್ಬನಿ ಒರೆಸಿ, ಪೆಟ್ಟಿಗೆಗೆ ತೇವ ಹೀರುವ ಪೊಟ್ಟಣ ಹಾಕಿ ಎಣಿಸಿದರು. ಇಪ್ಪತ್ಮೂರು. ಮತ್ತೆ ಎಣಿಸಿದರು. ಇಪ್ಪತ್ನಾಲ್ಕನೆಯದರ ಮೇಲೆ ಅಜ್ಜ ಎಲೆಯಡಿಕೆಯ ಚೀಲ ಇಟ್ಟುಕೊಂಡು ಕೂತಿದ್ದ.

‘ಏಳಿ ಅಜ್ಜ, ಹನ್ನೊಂದಕ್ಕೆ ಭಟ್ಕಳದಲ್ಲಿ ಮದುವೆ.’