ಆಸ್ತಿ ತೆರಿಗೆ ಬಾಕಿಯ ನೋಟಿಸು (ಬೆಂಗಳೂರು)

ಆಸ್ತಿ ತೆರಿಗೆ ಬಾಕಿಯ ನೋಟಿಸು ಎಂದರೆ ತೆರಿಗೆ ಪಾವತಿಸದ ಕಟ್ಟಡ ಅಥವಾ ನಿವೇಶನದ ಮಾಲೀಕರಿಗೆ ನಗರ ಪಾಲಿಕೆಯು ನೀಡುವ ಲಿಖಿತ ಬೇಡಿಕೆ. ಬೆಂಗಳೂರಿನಲ್ಲಿ ಮಾಲೀಕರೇ ತೆರಿಗೆಯನ್ನು ಲೆಕ್ಕಹಾಕಿ ಘೋಷಿಸುವ ಪದ್ಧತಿಯಿದೆ. ಆದ್ದರಿಂದ ಬಾಡಿಗೆಗೆ ಕೊಟ್ಟ ಮನೆಯನ್ನು ಸ್ವಂತ ವಾಸದ್ದೆಂದು ತೋರಿಸಿದವರಿಗೂ ವ್ಯತ್ಯಾಸದ ಮೊತ್ತಕ್ಕಾಗಿ ನೋಟಿಸು ಬರಬಹುದು.

ಪರಿಣಾಮಗಳು

ನೋಟಿಸನ್ನು ಕಡೆಗಣಿಸಿದರೆ ಬಾಕಿಗೆ ದಂಡ ಮತ್ತು ಬಡ್ಡಿ ಸೇರುತ್ತವೆ. 2020ರ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಅಧಿನಿಯಮದಡಿ ಚರಾಸ್ತಿ ಹಾಗೂ ಬ್ಯಾಂಕ್ ಖಾತೆಗಳ ಜಪ್ತಿ, ವಾಣಿಜ್ಯ ಮಳಿಗೆಗಳಿಗೆ ಬೀಗಮುದ್ರೆ, ಕೊನೆಗೆ ಸ್ಥಿರಾಸ್ತಿಯ ಜಪ್ತಿ ಮತ್ತು ಹರಾಜಿನ ಕ್ರಮಗಳನ್ನು ಕೈಗೊಳ್ಳಲಾಯಿತು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಜಪ್ತಿ ದಾಖಲಾದರೆ ಅದು ಋಣಭಾರ ಪ್ರಮಾಣಪತ್ರದಲ್ಲಿ ಕಾಣಿಸಿಕೊಂಡು, ಮಾರಾಟಕ್ಕೂ ಗೃಹಸಾಲಕ್ಕೂ ತೊಡಕಾಗುತ್ತದೆ. ಬಾಕಿಯ ಹೊರೆ ಆಸ್ತಿಯ ಮೇಲೆಯೇ ಇರುವುದರಿಂದ, ಮಾಲೀಕರು ತೀರಿಕೊಂಡರೂ ಅದು ಅಳಿಯದೆ ವಾರಸುದಾರರಿಗೆ ಎದುರಾಗುತ್ತದೆ.

ಇತ್ತೀಚಿನ ಬೆಳವಣಿಗೆ

ಬಡ್ಡಿ ಮನ್ನಾ ಮಾಡಿದ, ‘ಓಟಿಎಸ್’ ಎಂದು ಪರಿಚಿತವಾದ ಒಂದು ಬಾರಿಯ ಇತ್ಯರ್ಥ ಯೋಜನೆಯ ಅವಧಿ 2024ರ ನವೆಂಬರ್ 30ಕ್ಕೆ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಬದಲಿಗೆ ಐದು ನಗರ ಪಾಲಿಕೆಗಳು ರಚನೆಯಾದವು. ರಾಜಾಜಿನಗರ, ವಿಜಯನಗರಗಳು ಪಶ್ಚಿಮ ನಗರ ಪಾಲಿಕೆಗೆ ಸೇರಿದವು. ಪಾಲಿಕೆ ಬದಲಾದ ಮಾತ್ರಕ್ಕೆ ಹಳೆಯ ಬಾಕಿ ರದ್ದಾಗುವುದಿಲ್ಲ.

ಆಕ್ಷೇಪಣೆ

ನೋಟಿಸಿನ ಲೆಕ್ಕ ತಪ್ಪಾಗಿದ್ದರೆ, ಅದರಲ್ಲಿ ಸೂಚಿಸಿದ ಅವಧಿಯೊಳಗೆ ಪಾವತಿ ರಸೀದಿಗಳೊಂದಿಗೆ ಸಹಾಯಕ ಕಂದಾಯ ಅಧಿಕಾರಿಯ ಕಚೇರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಉತ್ತರಿಸದೆ ಸುಮ್ಮನಿದ್ದರೆ ಈ ಅವಕಾಶ ಕೈತಪ್ಪುತ್ತದೆ.