ಭಾರ ತಪ್ಪಿದ ಎಲುಬು

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಮುಂಜಾನೆ ತಿರುಗಾಡಲು ಹೊರಟ ಹಿರಿಯರ ನಡುವೆ ಲೋಹದ ಸೊಂಟದ ಕೀಲುಳ್ಳವರೂ ಇರಬಹುದು. ನೋಟಕ್ಕೆ ಅದು ತಿಳಿಯದು. 1965ರಲ್ಲಿಯೇ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಸ್ಥಾಪನೆಯಾದ ಈ ನಗರಕ್ಕೆ ಶಸ್ತ್ರವೈದ್ಯವು ಅಪರಿಚಿತವಲ್ಲ. ಆದರೆ ಆ ಲೋಹದ ಸುತ್ತಲಿನ ಎಲುಬಿನ ಪಾಡೇನು? ಅದನ್ನು ಇಲ್ಲಿ ವಿಚಾರಿಸೋಣ.

ಎಲುಬನ್ನು ನಾವು ಕಲ್ಲುಕಂಬದಂತೆ ಭಾವಿಸುತ್ತೇವೆ. ವಾಸ್ತವವಾಗಿ ಅದು ಸಜೀವ ವಸ್ತು. ಒಂದು ಬಗೆಯ ಜೀವಕೋಶಗಳು ಅದನ್ನು ಕರಗಿಸುತ್ತಿದ್ದರೆ ಇನ್ನೊಂದು ಬಗೆಯವು ಕಟ್ಟುತ್ತಿರುತ್ತವೆ. ಭಾರ ಬಿದ್ದಲ್ಲಿ ಎಲುಬು ಗಟ್ಟಿಯಾಗುವುದು. ಭಾರ ತಪ್ಪಿದಲ್ಲಿ ತೆಳುವಾಗುವುದು. ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ಈ ತತ್ತ್ವವನ್ನು ಗ್ರಂಥರೂಪದಲ್ಲಿ ಪ್ರತಿಪಾದಿಸಿದರು.

ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1962ರಲ್ಲಿ ಬಳಕೆಗೆ ತಂದ ಕೀಲಿನಲ್ಲಿ ಲೋಹದ ಗುಂಡು ಪ್ಲಾಸ್ಟಿಕ್ ಬಟ್ಟಲಿನೊಳಗೆ ತಿರುಗುತ್ತಿತ್ತು. ಇಂಥ ಬಟ್ಟಲು ಸವೆದಾಗ ಉದುರುವ ಸೂಕ್ಷ್ಮ ಕಣಗಳಿಂದ ಸುತ್ತಲಿನ ಎಲುಬು ಕರಗಿ, ಕೀಲು ಸಡಿಲವಾಗುವುದುಂಟು. ಆಗ ಮರುಶಸ್ತ್ರಚಿಕಿತ್ಸೆ ಅನಿವಾರ್ಯವಾಗಬಹುದು. ತೊಡೆಯೆಲುಬಿನ ಮೇಲ್ಭಾಗ ಆ ವೇಳೆಗೆ ಶಿಥಿಲವಾಗಿದ್ದರೆ, ಕೆಳಗಿನ ಗಟ್ಟಿ ಎಲುಬನ್ನು ಹಿಡಿಯುವಂತೆ ಉದ್ದವೂ ದಪ್ಪವೂ ಆದ ಲೋಹದ ದಂಡವನ್ನು ಇಳಿಸಬೇಕಾಗುವುದು.

ತೊಡಕು ಇಲ್ಲಿಯೇ ಇದೆ. ತೊಲೆಯ ಕೆಳಗಿನ ಮರದ ಕಂಬದ ಪಕ್ಕದಲ್ಲಿ ಉಕ್ಕಿನ ಕಂಬ ನಿಲ್ಲಿಸಿದರೆ ಭಾರದ ಬಹುಪಾಲು ಉಕ್ಕಿಗೆ ಹೋಗುವುದು. ಮರಕ್ಕೆ ಅದರಿಂದ ಹಾನಿಯಿಲ್ಲ, ಎಲುಬಿಗೆ ಉಂಟು. ಕೋಬಾಲ್ಟ್ ಮಿಶ್ರಲೋಹದ ಬಿಗುವು ಎಲುಬಿನ ಬಿಗುವಿಗಿಂತ 10 ಪಟ್ಟಿಗೂ ಹೆಚ್ಚು. ಟೈಟೇನಿಯಂ ಮಿಶ್ರಲೋಹದ್ದು ಕೋಬಾಲ್ಟಿನ ಸುಮಾರು ಅರ್ಧ. ಲೋಹಕ್ಕಿಂತಲೂ ದಪ್ಪದ ಪ್ರಭಾವ ದೊಡ್ಡದು: ದುಂಡು ದಂಡದ ವ್ಯಾಸ ಎರಡರಷ್ಟಾದರೆ, ಬಾಗದೆ ನಿಲ್ಲುವ ಅದರ ಗುಣ 16ರಷ್ಟಾಗುತ್ತದೆ. ಭಾರವೆಲ್ಲ ದಂಡದ ಮೂಲಕ ಕೆಳಗಿಳಿದರೆ, ಕೆಲಸ ತಪ್ಪಿದ ಮೇಲಿನ ಎಲುಬು ಕ್ರಮೇಣ ಸೊರಗುವುದು.

ಹೀಗಾಗಿ ದಂಡವನ್ನು ಟೈಟೇನಿಯಂನಿಂದ ಮಾಡುವುದು, ಗಾಡಿ ಕೊರೆಯುವುದು, ತುದಿಯನ್ನು ಸೀಳುವುದು ಮೊದಲಾದ ಉಪಾಯಗಳು ಬಂದವು. ಜರ್ಮನಿಯ ಹೈನ್ಸ್ ವಾಗ್ನರ್ 1987ರಲ್ಲಿ ಬಳಕೆಗೆ ತಂದ ದಂಡ ಕೆಳಗೆ ಹೋದಂತೆ ಕಿರಿದಾಗುವುದು. ಅದರ ಮೈಮೇಲೆ ಉದ್ದಕ್ಕೂ ಏಣುಗಳಿವೆ. ಇದನ್ನು ಕೂರಿಸಿದ ಅನೇಕ ರೋಗಿಗಳಲ್ಲಿ ಶಿಥಿಲವಾಗಿದ್ದ ಮೇಲ್ಭಾಗದಲ್ಲಿ ಹೊಸ ಎಲುಬು ಬೆಳೆದುದು ಕಂಡುಬಂದಿತು. ಆದರೆ ಕೆಲವರಲ್ಲಿ ದಂಡ ಕೆಳಕ್ಕೆ ಕುಸಿದುದೂ ಉಂಟು. ಬಿಗಿಯಾಗಿ ಕೂರದ ದಂಡ ಅಲುಗಾಡಿದರೆ ಎಲುಬು ಅದಕ್ಕೆ ಅಂಟಿ ಬೆಳೆಯದು. ಬಿಗಿಯಾಗಿ ನಿಲ್ಲಬೇಕು, ಎಲುಬಿನ ಪಾಲಿನ ಭಾರವನ್ನೂ ಬಿಟ್ಟುಕೊಡಬೇಕು. ಶಿಲ್ಪಿಯ ಸವಾಲು ಇದು.

ಇಂದು ಉಳಿಯುವ ಎಲುಬೇ, ಮುಂದೆ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾದಲ್ಲಿ, ವೈದ್ಯನಿಗೆ ಆಧಾರ. ಆದುದರಿಂದ ಕೃತಕ ಕೀಲುಳ್ಳವರು ತಮ್ಮ ಹಳೆಯ ಎಕ್ಸ್-ರೇ ಚಿತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಲೇಸು. ಹೊಸದರೊಡನೆ ಅವನ್ನು ಹೋಲಿಸಿದಾಗಲೇ ಎಲುಬು ಬೆಳೆಯುತ್ತಿದೆಯೋ ಸೊರಗುತ್ತಿದೆಯೋ ಎಂಬುದು ತಿಳಿಯುತ್ತದೆ.